ಹಿತ್ತಾಳೆಯ ಒಲೆಯ ಪರವಾಗಿ

ಸಂಗ್ರಾಹಕರಲ್ಲಿಯೂ ಪಂಕ್ತಿಭೇದವುಂಟು. ಅಂಚೆಚೀಟಿಗಳನ್ನೂ ಹಳೆಯ ನಾಣ್ಯಗಳನ್ನೂ ಕೂಡಿಡುವವರು ಮೇಲಿನ ಪಂಕ್ತಿಯವರು. ಲೋಕ ಅವರನ್ನು ಗೌರವದಿಂದ ಕಾಣುತ್ತದೆ. ತಾಳೆಯೋಲೆಯ ಗ್ರಂಥಗಳನ್ನು ಹುಡುಕಿ ತರುವವರಿಗೆ ವಿದ್ವಾಂಸರೆಂಬ ಹೆಸರು ತಾನಾಗಿಯೇ ಬರುತ್ತದೆ. ಹಳೆಯ ಕಾರುಗಳನ್ನು ಇಟ್ಟುಕೊಂಡವರನ್ನು ಶ್ರೀಮಂತರೆಂದು ಕ್ಷಮಿಸುತ್ತಾರೆ. ಆದರೆ ಗುಜರಿ ಅಂಗಡಿಯ ಮೂಲೆಯಲ್ಲಿ ಮಸಿ ಹಿಡಿದು ಬಿದ್ದಿದ್ದ ಸೀಮೆಎಣ್ಣೆಯ ಒಲೆಯೊಂದನ್ನು ಎತ್ತಿ ತಂದು, ಹುಣಿಸೆಹಣ್ಣು ಹಾಕಿ ಉಜ್ಜಿ, ವಾಷರು ಬದಲಿಸಿ, ಹಿತ್ತಲಲ್ಲಿ ಕುಳಿತು ಅದು ಹೊತ್ತಿಕೊಂಡಿತೆಂದು ಹಿಗ್ಗುವವನನ್ನು ಏನೆಂದು ಕರೆಯಬೇಕೆಂಬುದನ್ನು ನಮ್ಮ ಸಮಾಜ ಇನ್ನೂ ನಿರ್ಧರಿಸಿಲ್ಲ. ಮನೆಯವರು ನಿರ್ಧರಿಸಿರುತ್ತಾರೆ, ಆ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ನಾನು ಹೇಳುತ್ತಿರುವುದು ತಯಾರಿಕೆ ನಿಂತುಹೋದ ಬಿಡಾರದ ಒಲೆಗಳ ವಿಷಯ. ಬಿಡಿಸಿ ತಗಡಿನ ಡಬ್ಬಿಯೊಳಗೆ ಮಲಗಿಸಬಹುದಾದ ಪ್ರೈಮಸ್ 96, ಡಬ್ಬಿಯೇ ಮನೆಯೂ ಗಾಳಿಗೆ ಮರೆಯೂ ಆಗುವ ಆಪ್ಟಿಮಸ್ 8ಆರ್, ಅದರ ಅಣ್ಣನಂತಿರುವ ಆಪ್ಟಿಮಸ್ 111, ಇಂಥವು. ಇವುಗಳ ದಾಯಾದಿಗಳಾಗಿ ನಮ್ಮ ಅಡುಗೆಮನೆಗಳಲ್ಲಿ ದಶಕಗಟ್ಟಲೆ ಗರ್ಜಿಸಿದ ದೇಶೀ ಪಂಪ್ ಸ್ಟೌಗಳನ್ನೂ ನಾನು ಇದೇ ಕುಲಕ್ಕೆ ಸೇರಿಸುತ್ತೇನೆ. ಇವನ್ನು ಕೂಡಿಡುವುದು ಹುಚ್ಚಲ್ಲವೆಂಬುದು ನನ್ನ ವಾದದ ಒಂದು ಭಾಗ. ಹೊತ್ತಿಸದೆ ಕಪಾಟಿನಲ್ಲಿಟ್ಟರೆ ಅದು ಸಂಗ್ರಹವೂ ಅಲ್ಲವೆಂಬುದು ಇನ್ನೊಂದು ಭಾಗ. ಎರಡನೆಯದನ್ನು ಒಪ್ಪಿಸುವುದೇ ಹೆಚ್ಚು ಕಷ್ಟ. ಏಕೆಂದರೆ ಅದರ ವಿರೋಧಿಗಳೆಲ್ಲ ನನ್ನ ಪಂಕ್ತಿಯವರೇ.

ಒಲೆಯ ಇತಿಹಾಸವನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1892ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ಎಂಬ ಕಾರ್ಖಾನೆಯ ಯಂತ್ರಕುಶಲಿಯೊಬ್ಬ ಮಸಿಯಿಲ್ಲದೆ ಸೀಮೆಎಣ್ಣೆಯನ್ನು ಉರಿಸುವ ಒಲೆಯನ್ನು ನಿರ್ಮಿಸಿದ. ಅದಕ್ಕೆ ಪ್ರೈಮಸ್ ಎಂದು ಹೆಸರಾಯಿತು. ಬಿ. ಎ. ಯೋರ್ತ್ ಎಂಬ ವ್ಯಾಪಾರ ಸಂಸ್ಥೆ ಅದನ್ನು ಲೋಕದ ಮೂಲೆಮೂಲೆಗೆ ಮುಟ್ಟಿಸಿತು. 1911ರಲ್ಲಿ ದಕ್ಷಿಣ ಧ್ರುವವನ್ನು ಮೊದಲು ಮುಟ್ಟಿದ ಅಮುಂಡ್‌ಸೆನ್ ತಂಡದವರು ಹಿಮ ಕರಗಿಸಿ ನೀರು ಮಾಡಿಕೊಂಡದ್ದು ಈ ಒಲೆಯಿಂದ. 1953ರಲ್ಲಿ ಎವರೆಸ್ಟ್ ಏರಿದ ತಂಡದ ಬಿಡಾರಗಳಲ್ಲಿಯೂ ಇದೇ ಉರಿಯುತ್ತಿತ್ತು. 1897ರಲ್ಲಿ ಬಲೂನಿನಲ್ಲಿ ಉತ್ತರ ಧ್ರುವಕ್ಕೆ ಹೊರಟು ಕಾಣೆಯಾದ ಆಂಡ್ರೇ ಎಂಬವನ ಕೊನೆಯ ಬಿಡಾರವು 33 ವರ್ಷಗಳ ಬಳಿಕ, 1930ರಲ್ಲಿ, ಹಿಮದ ದ್ವೀಪವೊಂದರಲ್ಲಿ ಪತ್ತೆಯಾದಾಗ ಆ ಅವಶೇಷಗಳ ನಡುವೆ ಒಂದು ಪ್ರೈಮಸ್ ಒಲೆಯೂ ಅದರೊಳಗೆ ಸೀಮೆಎಣ್ಣೆಯೂ ಇದ್ದುವು. ಮೂವರು ಮನುಷ್ಯರು ಸತ್ತಿದ್ದರು, ಒಲೆ ಮಾತ್ರ ಕಾದುಕೊಂಡಿತ್ತು. ರಷ್ಯದಲ್ಲಂತೂ ಈ ಬಗೆಯ ಒಲೆಗೆಲ್ಲ ಪ್ರೈಮಸ್ ಎಂಬುದೇ ಹೆಸರು. ಬುಲ್ಗಾಕೋವ್‌ನ ಪ್ರಸಿದ್ಧ ಕಾದಂಬರಿಯಲ್ಲಿ ಮಾತನಾಡುವ ಬೆಕ್ಕೊಂದು ಪೊಲೀಸರು ಒಳನುಗ್ಗುವ ಹೊತ್ತಿಗೆ ಪ್ರೈಮಸ್ ರಿಪೇರಿ ಮಾಡುತ್ತ ಕುಳಿತಿರುತ್ತದೆಂಬುದನ್ನು ಓದಿದವರು ಮರೆತಿರಲಾರರು. ಒಲೆ ರಿಪೇರಿಯಲ್ಲಿ ತೊಡಗಿದವನಿಗೆ ಹೊರಗಿನ ಗಲಾಟೆ ಕೇಳಿಸುವುದಿಲ್ಲವೆಂಬುದನ್ನು ಸ್ವಾನುಭವದಿಂದ ದೃಢಪಡಿಸಬಲ್ಲೆ.

1962ರಲ್ಲಿ ಯೋರ್ತ್ ಸಂಸ್ಥೆ ದ್ರವ ಇಂಧನದ ಒಲೆಗಳ ವಿಭಾಗವನ್ನು ಆಪ್ಟಿಮಸ್‌ಗೆ ಮಾರಿತು. ಆಮೇಲೆ ಅನಿಲದ ಕಾಲ ಬಂದಿತು. ಒಂದೊಂದಾಗಿ ಹಿತ್ತಾಳೆಯ ಮಾದರಿಗಳು ನಿಂತುಹೋದುವು.

ಈ ಒಲೆಯ ಯಂತ್ರತತ್ತ್ವವನ್ನು ತುಸು ವಿಸ್ತಾರವಾಗಿಯೇ ಹೇಳಬೇಕು. ಇಂದಿನ ವಿದ್ಯಾರ್ಥಿಗಳಲ್ಲಿ ಬಹುಮಂದಿ ಇದನ್ನು ಕಂಡವರಲ್ಲ, ಮುಂದೆ ಹೇಳುವ ಗಂಭೀರವಾದ ಮಾತಿಗೂ ಇದು ಬೇಕಾಗುತ್ತದೆ. ಕೆಳಗೆ ಹಿತ್ತಾಳೆಯ ಟ್ಯಾಂಕು, ಅದರ ಪಕ್ಕದಲ್ಲಿ ಸೇರಿಕೊಂಡ ಪಂಪು. ಪಂಪಿನ ದಂಡದ ತುದಿಯಲ್ಲಿ ಬಟ್ಟಲಿನಾಕಾರದ ಚರ್ಮದ ವಾಷರು. ಒತ್ತಿದಾಗ ಗಾಳಿ ಟ್ಯಾಂಕಿನೊಳಗೆ ಹೋಗುತ್ತದೆ. ಹೋದ ಗಾಳಿ ಹಿಂದಿರುಗದಂತೆ ಪಂಪಿನ ಬುಡದಲ್ಲಿ ಒಂದು ಸಣ್ಣ ಕವಾಟವಿದೆ. ಒತ್ತಡಕ್ಕೆ ಸಿಕ್ಕಿದ ಎಣ್ಣೆ ನಡುವಣ ಕೊಳವೆಯಲ್ಲಿ ಮೇಲೇರಿ ಬರ್ನರನ್ನು ಸೇರುತ್ತದೆ. ಬರ್ನರು ಮೊದಲೇ ಕಾದಿದ್ದರೆ ಎಣ್ಣೆ ಅಲ್ಲಿ ಆವಿಯಾಗಿ, ಸೂಜಿಯ ಮೊನೆಗಿಂತ ಕಿರಿದಾದ ನಿಪ್ಪಲಿನ ರಂಧ್ರದಿಂದ ರಭಸವಾಗಿ ಹೊರಬಂದು, ಗಾಳಿಯೊಡನೆ ಬೆರೆತು ನೀಲಿಯಾಗಿ ಉರಿಯುತ್ತದೆ. ಆ ಉರಿಯೇ ಬರ್ನರನ್ನು ಕಾಯಿಸುತ್ತ ಹಿಂದೆ ಬರುವ ಎಣ್ಣೆಯನ್ನು ಆವಿ ಮಾಡುತ್ತ ಹೋಗುವುದರಿಂದ ಒಲೆ ತನ್ನ ಕೆಲಸವನ್ನು ತಾನೇ ಸಾಗಿಸುತ್ತದೆ. ಮೊದಲ ಕಾವನ್ನು ಮಾತ್ರ ನಾವು ಕೊಡಬೇಕು. ಅದಕ್ಕಾಗಿ ಬರ್ನರಿನ ಕೆಳಗಣ ಬಟ್ಟಲಿಗೆ ಸ್ಪಿರಿಟ್ ಹೊಯ್ದು ಹೊತ್ತಿಸುವುದು. ಸ್ಪಿರಿಟ್ಟು ಪೂರ್ತಿ ಉರಿಯುವವರೆಗೆ ಕಾಯುವ ತಾಳ್ಮೆಯಿಲ್ಲದವನು ಪಂಪು ಒತ್ತಿದರೆ, ಆವಿಯ ಬದಲು ಎಣ್ಣೆಯೇ ಚಿಮ್ಮಿ ಹಳದಿಯ ಜ್ವಾಲೆ ಮೊಳದುದ್ದ ಏಳುತ್ತದೆ. 8ಆರ್ ಒಲೆಗೆ ಪಂಪೂ ಇಲ್ಲ. ಅದು ಪೆಟ್ರೋಲಿನದು; ತನ್ನ ಕಾವಿನಿಂದಲೇ ಟ್ಯಾಂಕಿನಲ್ಲಿ ಒತ್ತಡ ಹುಟ್ಟಿಸಿಕೊಳ್ಳುತ್ತದೆ.

ಮಲೆನಾಡಿನವರಿಗೆ ಈ ತತ್ತ್ವ ಹೊಸದಲ್ಲ. ಬಯಲಾಟದ ರಂಗಸ್ಥಳವನ್ನು ಬೆಳಗಿದ, ಮದುವೆಯ ಚಪ್ಪರದಲ್ಲಿ ಸುಯ್ ಎನ್ನುತ್ತಿದ್ದ ಗ್ಯಾಸ್‌ಲೈಟು, ಎಂದರೆ ಪೆಟ್ರೋಮ್ಯಾಕ್ಸ್, ಇದೇ ವಂಶದ್ದು. ಅಲ್ಲಿ ಆವಿ ಮ್ಯಾಂಟಲನ್ನು ಬೆಳಗಿಸುತ್ತದೆ, ಇಲ್ಲಿ ಪಾತ್ರೆಯನ್ನು ಕಾಯಿಸುತ್ತದೆ. ಊರಿನಲ್ಲಿ ಗ್ಯಾಸ್‌ಲೈಟು ಹೊತ್ತಿಸಬಲ್ಲವನಿಗೆ ಇದ್ದ ಮರ್ಯಾದೆಯನ್ನು ಹಿರಿಯರು ಬಲ್ಲರು. ಅವನು ಬರುವವರೆಗೆ ಭಾಗವತರೂ ಸುಮ್ಮನೆ ಕೂಡಬೇಕಾಗಿತ್ತು.

ಈ ಒಲೆಗಳ ಬೆಲೆ ತಿಳಿಯುವುದು ಹೊನ್ನೆಮರಡುವಿನಂಥ ಸ್ಥಳದಲ್ಲಿ. ಸಾಗರದಿಂದ ಜೋಗದತ್ತ ಹೋಗುವ ದಾರಿಯಲ್ಲಿ ತಾಳಗುಪ್ಪದ ಆಸುಪಾಸಿನಲ್ಲಿ ಒಳಕ್ಕೆ ತಿರುಗಿದರೆ ಶರಾವತಿಯ ಹಿನ್ನೀರಿನ ದಡದಲ್ಲಿರುವ ಈ ಹಳ್ಳಿ ಸಿಕ್ಕುತ್ತದೆ. ದೋಣಿ ನಡೆಸಲು, ಈಜು ಕಲಿಯಲು, ಡೇರೆಯಲ್ಲಿ ಮಲಗಲು ದೂರದ ಊರುಗಳಿಂದ ತರುಣ ತರುಣಿಯರು ಬರುತ್ತಾರೆ. ಬಿಡಾರವೆಂದ ಮೇಲೆ ಬೆಂಕಿ ಬೇಕು. ಮಲೆನಾಡಿನ ಮಳೆಯನ್ನು ಕಂಡವರಿಗೆ ಇಲ್ಲಿ ಹಸಿ ಸೌದೆಯಿಂದ ಬೆಂಕಿ ಎಬ್ಬಿಸುವುದೆಂದರೆ ಏನೆಂಬುದನ್ನು ವಿವರಿಸಬೇಕಾಗಿಲ್ಲ. ಊದಿ ಊದಿ ಕಣ್ಣಲ್ಲಿ ನೀರು ಬರುತ್ತದೆ, ಗಂಟೆ ಕಳೆದರೂ ಪಾತ್ರೆಯಲ್ಲಿ ನೀರು ಕಾಯುವುದಿಲ್ಲ. ಬೇಸಿಗೆಯಲ್ಲಿ ಸೌದೆ ಒಣಗಿರುತ್ತದೆ. ಆದರೆ ಆಗ ಬೆಂಕಿಯೇ ಅಪರಾಧ. ಆಚೆಯ ಕಾಡುಗಳು 1972ರಿಂದ ಶರಾವತಿ ಕಣಿವೆಯ ಅಭಯಾರಣ್ಯ. ಅಭಯಾರಣ್ಯದೊಳಗೆ ಬೆಂಕಿ ಹಾಕುವುದನ್ನು ಕಾನೂನು ನಿಷೇಧಿಸುತ್ತದೆ, ತರಗೆಲೆಗೆ ತಗುಲಿದ ಒಂದು ಕಿಡಿ ಏನು ಮಾಡೀತೆಂಬುದೂ ಎಲ್ಲರಿಗೂ ಗೊತ್ತು. ದಡದ ಕಲ್ಲಿನ ಮೇಲೆ ಕೂರಿಸಿದ ಒಂದು ಹಿತ್ತಾಳೆಯ ಒಲೆ, ಅದೂ ಅನುಮತಿಯಿರುವ ಕಡೆಯಲ್ಲಿ, ಮರವನ್ನೂ ಕೇಳದೆ ಬೂದಿಯನ್ನೂ ಬಿಡದೆ ಹತ್ತು ಜನರ ಚಹಾ ಕಾಯಿಸಿಕೊಡುತ್ತದೆ. ಹೊಸ ಕಾಲದ ಅನಿಲದ ಒಲೆಯೂ ಇದನ್ನು ಮಾಡುತ್ತದೆ, ಇನ್ನೂ ಸುಲಭವಾಗಿ ಮಾಡುತ್ತದೆ. ಆದರೆ ಅದರ ಪುಟ್ಟ ಡಬ್ಬಿ ಒಮ್ಮೆ ಮುಗಿದರೆ ಎಸೆಯುವ ತಗಡು. ನಮ್ಮ ಸಣ್ಣ ಪೇಟೆಗಳಲ್ಲಿ ಅದು ಸಿಕ್ಕುವುದೂ ಇಲ್ಲ, ವಿಮಾನದಲ್ಲಿ ತರಗೊಡುವುದೂ ಇಲ್ಲ.

ಹೊನ್ನೆಮರಡುವಿನ ಚೆಲುವನ್ನು ವರ್ಣಿಸುವವರು ಆ ನೀರು ಎಲ್ಲಿಂದ ಬಂತೆಂಬುದನ್ನು ಮರೆಯಬಾರದು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಎದ್ದಿತು. ಸಮುದ್ರಮಟ್ಟದಿಂದ 1819 ಅಡಿಯವರೆಗೆ ನೀರು ನಿಲ್ಲುವಂತಾಯಿತು. ಗದ್ದೆ, ತೋಟ, ಮನೆಗಳು ಅದರ ಅಡಿಗೆ ಹೋದುವು. ಆ ಯೋಜನೆಯ ಕೆಲಸದಲ್ಲಿಯೇ ಇದ್ದ ನಾ. ಡಿಸೋಜ ಅವರು ಮುಳುಗಡೆಯ ಜನರ ಪಾಡನ್ನು ಕಾದಂಬರಿಗಳಾಗಿ ಬರೆದರು. ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು 2002ರಲ್ಲಿ ಚಲನಚಿತ್ರವಾಗಿಸಿದರು. ನೀರು ತೀರ ಇಳಿದ ಬೇಸಿಗೆಗಳಲ್ಲಿ ಅದಕ್ಕೂ ಮೊದಲಿನ ಮಡೆನೂರು ಅಣೆಕಟ್ಟು ಮೈದೋರುತ್ತದೆ. ಒಲೆಯನ್ನು ಕುರಿತು ಬರೆಯುವಾಗ ನನಗೆ ಮತ್ತೆ ಮತ್ತೆ ನೆನಪಾಗುವುದು ಬೇರೊಂದು: ಆ ಮನೆಗಳಲ್ಲಿ ಅಡುಗೆಯ ಒಲೆ, ಬಚ್ಚಲ ಹಂಡೆಯ ಒಲೆ, ಅಡಿಕೆ ಬೇಯಿಸುವ ಒಲೆ ಎಂದು ಮೂರು ಬಗೆಯ ಒಲೆಗಳಿದ್ದಿರಬೇಕು. ಮಣ್ಣಿನಲ್ಲಿ ಕಟ್ಟಿದ ಒಲೆಯನ್ನು ಗಾಡಿಯ ಮೇಲೆ ಏರಿಸಿಕೊಂಡು ಹೋಗಲು ಬರುವುದಿಲ್ಲ. ಎತ್ತಿಕೊಂಡು ಹೋಗಬಹುದಾದ ಒಲೆ ಕೆಲವರಿಗೆ ವಿನೋದ, ಕೆಲವರಿಗೆ ವಿಧಿ. ರಜೆಯ ದಿನ ಆ ನೀರಿನ ಅಂಚಿನಲ್ಲಿ ಪ್ರೈಮಸ್ ಹೊತ್ತಿಸಿ ಕುಳಿತವನಿಗೆ ಇದು ಒಂದು ಗಳಿಗೆಯಾದರೂ ಹೊಳೆಯಲಿ ಎಂಬುದು ನನ್ನ ಅಪೇಕ್ಷೆ.

ಇನ್ನು ಆಕ್ಷೇಪಗಳ ವಿಚಾರ. ‘ಇದೆಲ್ಲ ಗಂಡಸರ ಹಳಹಳಿಕೆ, ಪಂಪ್ ಸ್ಟೌವಿನ ಮುಂದೆ ದಿನಕ್ಕೆ ಎರಡು ಹೊತ್ತು ಕುಳಿತು ಬೇಯಿಸಿದವರನ್ನು ಕೇಳಿ ನೋಡಿ’ ಎಂದು ಉಪಾಧ್ಯಾಯಿನಿಯೊಬ್ಬರು ನನ್ನೊಡನೆ ವಾದಿಸಿದರು. ಈ ಆಕ್ಷೇಪಕ್ಕೆ ತೂಕವಿದೆ. ನಡುವೆ ಕಟ್ಟಿಕೊಳ್ಳುವ ನಿಪ್ಪಲು, ತಗಡಿನ ಪಟ್ಟಿಗೆ ಸಿಕ್ಕಿಸಿದ ಕೂದಲೆಳೆಯಂಥ ಪಿನ್ನು, ಅದು ರಂಧ್ರದೊಳಗೇ ಮುರಿದುಕೊಂಡಾಗ ಆಗುವ ಸಂಕಟ, ಸೆರಗಿಗೂ ಕೂದಲಿಗೂ ಹಿಡಿಯುವ ಸೀಮೆಎಣ್ಣೆಯ ವಾಸನೆ, ಇವನ್ನು ಅನುಭವಿಸಿದವರಿಗೆ ಅನಿಲದ ಸಿಲಿಂಡರು ಬಂದ ದಿನ ಹಬ್ಬವಾಗಿತ್ತು. ಅವರ ಆ ಸಂತೋಷದ ಮೇಲೆ ಕಾವ್ಯ ಹೊಸೆಯುವ ಅಧಿಕಾರ ಸಂಗ್ರಾಹಕನಿಗಿಲ್ಲ.

ಇದಕ್ಕಿಂತ ಘೋರವಾದ ಇನ್ನೊಂದು ಸಂಗತಿಯುಂಟು. ‘ಸ್ಟೌ ಸಿಡಿದು ಗೃಹಿಣಿ ಸಾವು’ ಎಂಬ ನಾಲ್ಕು ಸಾಲಿನ ಸುದ್ದಿ ದಶಕಗಳ ಕಾಲ ನಮ್ಮ ಪತ್ರಿಕೆಗಳ ಒಳಪುಟಗಳಲ್ಲಿ ಬರುತ್ತಿತ್ತು. ಸತ್ತವಳು ಬಹುಮಟ್ಟಿಗೆ ಹೊಸದಾಗಿ ಮದುವೆಯಾದವಳು. ಅತ್ತೆಗೆ ಸಿಡಿಯದ ಸ್ಟೌ, ಮನೆಯ ಮಗಳಿಗೆ ಸಿಡಿಯದ ಸ್ಟೌ, ಸೊಸೆಗೆ ಮಾತ್ರ ಸಿಡಿಯುವುದು ಹೇಗೆಂದು ಮಹಿಳಾ ಸಂಘಟನೆಗಳು ಕೇಳತೊಡಗಿದಾಗ ಉತ್ತರ ಕೊಡುವವರಿರಲಿಲ್ಲ. ದಂಡಸಂಹಿತೆಗೆ 1983ರಲ್ಲಿ 498-ಎ, 1986ರಲ್ಲಿ ವರದಕ್ಷಿಣೆ ಸಾವಿಗೆ ಸಂಬಂಧಿಸಿದ 304-ಬಿ ಕಲಮುಗಳು ಸೇರಿದುವು. ಅನಂತರವೂ, 1990ರ ದಶಕದ ಕೊನೆಯಲ್ಲಿ, ಬೆಂಗಳೂರಿನ ‘ವಿಮೋಚನಾ’ ಸಂಘಟನೆಯವರು ನಗರದಲ್ಲಿ ವಿವಾಹಿತ ಸ್ತ್ರೀಯರ ಅಸಹಜ ಸಾವುಗಳನ್ನು ಒಂದೊಂದಾಗಿ ಹಿಡಿದು ಪರಿಶೀಲಿಸಿದಾಗ, ಅಡುಗೆಮನೆಯ ಅಪಘಾತವೆಂದೂ ಸ್ಟೌ ಸಿಡಿತವೆಂದೂ ಮುಚ್ಚಿಟ್ಟ ಕಡತಗಳ ಸಂಗತಿ ಹೊರಬಿದ್ದಿತು.

ನಾನು ಒಲೆಯ ಪಕ್ಷವಹಿಸಿ ‘ಪಾಪ, ಅದು ನಿರಪರಾಧಿ’ ಎನ್ನಲಾರೆ. ನಿಜವಾದ ಅಪಘಾತಗಳೂ ನಡೆದಿವೆ. ಉರಿಯುತ್ತಿರುವಾಗಲೇ ಎಣ್ಣೆ ತುಂಬುವುದು, ಮುಚ್ಚಳದ ವಾಷರು ಸವೆದು ಆವಿ ಸೋರುವುದು, ಬೆಸುಗೆ ಸಡಿಲವಾಗುವುದು, ಎಲ್ಲಕ್ಕಿಂತ ಹೆಚ್ಚಾಗಿ ಸೀಮೆಎಣ್ಣೆಯಲ್ಲಿ ಪೆಟ್ರೋಲು ಬೆರೆತಿರುವುದು, ಇವುಗಳಲ್ಲಿ ಯಾವುದೊಂದೂ ಪ್ರಾಣ ತೆಗೆಯಬಲ್ಲುದು. ನೆಲದ ಮೇಲಿನ ಒಲೆ, ನೈಲಾನು ಸೀರೆ, ಇಕ್ಕಟ್ಟಾದ ಕೋಣೆ ಇವು ಸೇರಿದರೆ ಅನಾಹುತಕ್ಕೆ ಬೇರೆ ಕಾರಣ ಬೇಕಾಗಿಲ್ಲ. ಆದರೆ ಈ ಒಂದೊಂದು ಬಗೆಯ ಅಪಘಾತವೂ ಒಲೆಯ ಮೇಲೆ ತನ್ನದೇ ಗುರುತನ್ನು ಬಿಡುತ್ತದೆ. ಸಿಡಿದ ಟ್ಯಾಂಕು ಉಬ್ಬಿರಬೇಕು, ಇಲ್ಲವೆ ಹೊಲಿಗೆ ಬಿಚ್ಚಿರಬೇಕು. ಸೋರಿದ ಮುಚ್ಚಳದ ಸುತ್ತ ಸುಟ್ಟ ಕಲೆ ಇರಬೇಕು. ಟ್ಯಾಂಕು ಗುಂಡಗೆ ನೆಟ್ಟಗಿದ್ದು, ಪಂಪು ಒತ್ತಿದರೆ ಗಾಳಿ ಹಿಡಿದು ನಿಲ್ಲುವಂತಿದ್ದರೆ, ಸಿಡಿದದ್ದಾದರೂ ಏನು? ಇದನ್ನು ಕೇಳುವುದಕ್ಕೆ ಒಲೆಯನ್ನು ಬಿಚ್ಚಿ ಜೋಡಿಸಿ ಬಲ್ಲವರು ಬೇಕು. ಸೀಮೆಎಣ್ಣೆಯ ಒಲೆಯ ರಿಪೇರಿಯನ್ನು ನಾವು ಕೇವಲ ಹೊಟ್ಟೆಪಾಡಿನ ಕಸುಬೆಂದು ತಿಳಿದೆವು. ಅದರೊಳಗೆ ಸಾಕ್ಷ್ಯ ಹೇಳಬಲ್ಲ ಒಂದು ವಿದ್ಯೆಯಿತ್ತು. ಹಳೆಯ ಒಲೆಯನ್ನು ಥಳಥಳಿಸುವಂತೆ ಉಜ್ಜಿ, ಕಪ್ಪು ಕಲೆಗಳನ್ನೆಲ್ಲ ಅಳಿಸಿ, ದೀಪದ ಕೆಳಗೆ ಇಡುವ ಸಂಗ್ರಾಹಕನು ಈ ಚರಿತ್ರೆಯನ್ನೂ ಜೊತೆಗೇ ಅಳಿಸುತ್ತಿದ್ದಾನೆಂದು ನನ್ನ ದೂರು.

ಈ ಕಾರಣದಿಂದಲೇ ನಾನು ಹೊತ್ತಿಸುವ ಸಂಗ್ರಹದ ಪಕ್ಷದವನು. ಕಪಾಟಿನ ಒಲೆ ಸುಮ್ಮನೆ ಇರುವಂತೆ ಕಂಡರೂ ಸುಮ್ಮನಿರುವುದಿಲ್ಲ. ಚರ್ಮದ ವಾಷರು ಒಣಗಿ ಕುಗ್ಗುತ್ತದೆ. ಒಳಗೆ ಉಳಿದ ಎಣ್ಣೆ ಅಂಟಾಗಿ ನಿಪ್ಪಲನ್ನು ಮುಚ್ಚುತ್ತದೆ. ಕವಾಟದ ರಬ್ಬರು ಕಲ್ಲಾಗುತ್ತದೆ. ವರ್ಷಕ್ಕೆರಡು ಬಾರಿಯಾದರೂ ಬಿಚ್ಚಿ, ವಾಷರನ್ನು ಹರಳೆಣ್ಣೆಯಲ್ಲಿ ನೆನೆಸಿ ಅಂಚನ್ನು ಬೆರಳಿನಿಂದ ಅಗಲಿಸಿ, ಟ್ಯಾಂಕಿಗೆ ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ಎಂದು ನೋಡಿ, ಆಮೇಲೆ ಬಯಲಿನಲ್ಲಿ ಹೊತ್ತಿಸಬೇಕು. ಗುಳ್ಳೆ ಕಂಡರೆ ಹೊತ್ತಿಸುವ ಮಾತೇ ಇಲ್ಲ. ಹುಣಿಸೆಹಣ್ಣಿನ ಉಪಚಾರಕ್ಕೂ ಮಿತಿಯುಂಟು: ಪ್ರೈಮಸ್ ಒಲೆಗಳ ಮೇಲೆ ತಯಾರಾದ ವರ್ಷವನ್ನು ಸೂಚಿಸುವ ಅಕ್ಷರವನ್ನು ಅಚ್ಚೊತ್ತಿರುತ್ತಾರೆ, ಅತಿಯಾಗಿ ಉಜ್ಜಿದವನು ಅದರ ಜಾತಕವನ್ನೇ ಉಜ್ಜಿಹಾಕುತ್ತಾನೆ. ಅಮೋನಿಯ ಬೆರೆತ ದ್ರಾವಣಗಳು ಹಿತ್ತಾಳೆಯಲ್ಲಿ ಬಿರುಕು ತರುತ್ತವೆ. ಹಳೆಯ ಒಲೆಗಳ ಕೆಲವು ಬಿರಡೆಗಳೊಳಗೆ ಕಲ್ನಾರು ಇರುತ್ತದೆ, ಅದನ್ನು ಕೆರೆದು ಪುಡಿ ಹಾರಿಸಕೂಡದು.

ಇಷ್ಟು ಮಾಡಿದರೂ ಉರಿಸಲು ಎಣ್ಣೆ ಎಲ್ಲಿದೆ? ನೀಲಿ ಬಣ್ಣ ಬೆರೆಸಿದ ಪಡಿತರದ ಸೀಮೆಎಣ್ಣೆಗಾಗಿ ಡಬ್ಬಿ ಹಿಡಿದು ಸಾಲು ನಿಂತ ತಲೆಮಾರು ಇನ್ನೂ ನಮ್ಮ ನಡುವೆ ಇದೆ. 2016ರಲ್ಲಿ ಉಜ್ವಲಾ ಯೋಜನೆ ಬಂದ ಬಳಿಕ ಅನಿಲದ ಸಂಪರ್ಕ ಹಳ್ಳಿಹಳ್ಳಿಗೆ ಹರಡಿತು, ಸೀಮೆಎಣ್ಣೆಯ ಹಂಚಿಕೆ ಕುಗ್ಗುತ್ತ ಬಂದಿತು. ಇದು ಆಗಬೇಕಾದದ್ದೇ, ಅಗ್ಗದ ಸೀಮೆಎಣ್ಣೆ ಬಡವರ ಹೆಸರಿನಲ್ಲಿ ಬಂದು ಲಾರಿಯ ಟ್ಯಾಂಕು ಸೇರುತ್ತಿದ್ದ ಕಥೆ ಯಾರಿಗೆ ಗೊತ್ತಿಲ್ಲ! ಪೆಟ್ರೋಲಿನ ಒಲೆಗಳ ಪಾಡೂ ಅಷ್ಟೆ. ಇಂದಿನ ಪೆಟ್ರೋಲಿನಲ್ಲಿ ಎಥನಾಲು ಬೆರೆತಿರುತ್ತದೆ. ಅದು ನೀರನ್ನು ಎಳೆದುಕೊಳ್ಳುತ್ತದೆ, ಹಳೆಯ ರಬ್ಬರನ್ನು ತಿನ್ನುತ್ತದೆ. ಹೀಗೆ ಒಲೆ ಸಿದ್ಧವಿದ್ದು ಇಂಧನ ಮಾಯವಾಗುವ ವಿಚಿತ್ರ ಕಾಲದಲ್ಲಿ ನಾವಿದ್ದೇವೆ. ಸಂಗ್ರಾಹಕನ ಹವ್ಯಾಸಕ್ಕಾಗಿ ಸರ್ಕಾರ ಸೀಮೆಎಣ್ಣೆ ಕೊಡಬೇಕೆಂದು ಕೇಳುವಷ್ಟು ನಾಚಿಕೆಗೆಟ್ಟವನು ನಾನಲ್ಲ. ಬಿಡಿ ಮಾರಾಟದ ಬಿಳಿ ಸೀಮೆಎಣ್ಣೆ ದುಬಾರಿಯಾದರೂ ವರ್ಷಕ್ಕೆ ಎರಡು ಲೀಟರು ಸಾಕು.

ಎಣ್ಣೆಗಿಂತ ಬೇಗ ಮಾಯವಾಗುತ್ತಿರುವುದು ಕೈ. ‘ಸ್ಟೌ ರಿಪೇರೀ’ ಎಂದು ಕೂಗುತ್ತ ಬೀದಿಯಲ್ಲಿ ಬರುತ್ತಿದ್ದವರ ಚೀಲದಲ್ಲಿ ಏನಿರುತ್ತಿತ್ತು? ನಾಲ್ಕು ಅಳತೆಯ ನಿಪ್ಪಲು, ಒಂದು ಕಟ್ಟು ಪಿನ್ನು, ಸೀಸದ ವಾಷರು, ಚರ್ಮದ ತುಂಡು, ಉದ್ದನೆಯ ಸ್ಪ್ಯಾನರು, ಬೆಸುಗೆಯ ಕಡ್ಡಿ. ಅವರು ಒಲೆಯ ಸದ್ದನ್ನು ಕೇಳಿಯೇ ರೋಗ ಹೇಳುತ್ತಿದ್ದರು. ಅವರ ಅಂಗಡಿಗಳು ಇಂದು ಮಿಕ್ಸಿ ರಿಪೇರಿಯ, ಗ್ಯಾಸ್ ಒಲೆ ರಿಪೇರಿಯ ಅಂಗಡಿಗಳಾಗಿವೆ; ಮಕ್ಕಳು ಮೊಬೈಲು ರಿಪೇರಿಗೆ ಹೋಗಿದ್ದಾರೆ. ಸಂಗ್ರಾಹಕರೆನಿಸಿಕೊಂಡವರು ಹತ್ತನೆಯ ಪ್ರೈಮಸ್ಸಿಗೆ ಹಣ ಸುರಿಯುವ ಮೊದಲು ಇಂಥ ಒಬ್ಬರ ಬಳಿ ಒಂದು ವಾರ ಕುಳಿತು, ಅವರು ಮಾಡುವುದನ್ನು ಬರೆದಿಟ್ಟುಕೊಳ್ಳುವುದು ಮೇಲು. ರಾಮನಗರದ ಜಾನಪದ ಲೋಕದಲ್ಲಿ ನಾಗೇಗೌಡರು ಬೀಸುವ ಕಲ್ಲು ಒನಕೆಗಳಿಗೂ ಆಸನ ಕೊಟ್ಟು, ನಿತ್ಯಜೀವನದ ಸಲಕರಣೆಯೂ ಕಾಪಾಡತಕ್ಕದ್ದೆಂದು ನಮಗೆ ಕಲಿಸಿದರು. ಪಂಪ್ ಸ್ಟೌ ಆ ಅಂಗಳಕ್ಕೆ ಸುಲಭವಾಗಿ ಸೇರದು. ಅದು ಜಾನಪದವಲ್ಲ, ಕಾರ್ಖಾನೆಯ ಕೂಸು, ಪುರಾತನವೂ ಅಲ್ಲ. ನಡುವಿನ ಕಾಲದ ವಸ್ತುಗಳೆಲ್ಲಕ್ಕೂ ಇದೇ ಗತಿ. ಅಜ್ಜಿಯ ಒನಕೆಗೆ ಇರುವ ಗೌರವ ಅಮ್ಮನ ಸ್ಟೌವಿಗಿಲ್ಲ.

ಕೊನೆಯದಾಗಿ ವಾಚಕರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದಲ್ಲಿ ಅಂಥದೊಂದು ಒಲೆ ಇರಬಹುದು. ಗುಜರಿಯವನು ಅದನ್ನು ಹಿತ್ತಾಳೆಯ ತೂಕಕ್ಕೆ ಕೇಳುತ್ತಾನೆ. ಕೊಡುವ ಮುನ್ನ ಒಮ್ಮೆ ಕೆಳಗಿಳಿಸಿ ನೋಡಿ. ಟ್ಯಾಂಕಿನಲ್ಲಿ ಎಣ್ಣೆ ಉಳಿದಿದ್ದರೆ ಬಯಲಿನಲ್ಲಿ ಬಗ್ಗಿಸಿ ತೆಗೆಯಿರಿ. ಹೊತ್ತಿಸಲು ಹೋಗಬೇಡಿ, ಬಲ್ಲವರಿಗೆ ಬಿಡಿ. ಅದನ್ನು ಯಾವ ಊರಿನಲ್ಲಿ ಕೊಂಡರು, ಯಾರು ಅದರ ಮುಂದೆ ಕುಳಿತು ಬೇಯಿಸಿದರು, ಎಂದು ಕೆಟ್ಟಿತು, ಯಾರು ಸರಿಮಾಡಿಕೊಟ್ಟರು ಎಂಬುದನ್ನು ಮನೆಯ ಹಿರಿಯ ಹೆಂಗಸರನ್ನು ಕೇಳಿ ಒಂದು ಚೀಟಿಯಲ್ಲಿ ಬರೆಯಿರಿ. ಒಲೆಯನ್ನು ಯಾರಿಗಾದರೂ ಕೊಡುವುದಾದರೆ ಆ ಚೀಟಿಯನ್ನೂ ಜೊತೆಗೆ ಕಟ್ಟಿ ಕೊಡಿ.